ಪಾಲು, ಹಾಲು, ಆಲು

ಮಾತಿನ ತಪ್ಪು ತಿದ್ದುವವರಿಗೆ ಲೋಕದಲ್ಲಿ ಎಂದೂ ಬರಗಾಲವಿಲ್ಲ. ಓದಲೆಂದು ಮಂಡ್ಯದ ಕಡೆಯ ಹಳ್ಳಿಯಿಂದ ಮೈಸೂರಿನ ಸೋದರತ್ತೆಯ ಮನೆಗೆ ಬಂದ ಹುಡುಗಿಗೆ ಈ ಸತ್ಯ ಮೊದಲ ವಾರದಲ್ಲೇ ಮನವರಿಕೆಯಾಯಿತು. “ಅತ್ತೇ, ಆಲು ಉಕ್ತಾ ಅದೆ” ಎಂದು ಅವಳು ಕೂಗಿದಾಗ ಮನೆಯ ಮಕ್ಕಳು ಬಿದ್ದು ಬಿದ್ದು ನಕ್ಕರು. “ಆಲು ಅಲ್ಲವೇ, ಹಾಲು!” ಎಂದು ಅತ್ತೆ ಗದರಿದಳು.

ಅಂದಿನಿಂದ ಹುಡುಗಿಗೆ ಹಕಾರದ ಭಯ ಹಿಡಿಯಿತು. ಎಲ್ಲಿ ತಪ್ಪೀತೋ ಎಂದು ಬೇಡದೆಡೆಯಲ್ಲೂ ಅದನ್ನು ಸೇರಿಸತೊಡಗಿದಳು. “ಹಕ್ಕಿ ತೊಳೆದಿಟ್ಟಿದೀನಿ ಅತ್ತೆ” ಎಂದ ದಿನ ನಗೆ ಇನ್ನೂ ಜೋರಾಯಿತು. ಪಾಪ, ಅವಳು ತೊಳೆದದ್ದು ಅಕ್ಕಿ. ಮರುದಿನದಿಂದ ಮಾತನ್ನೇ ನಿಲ್ಲಿಸಿಬಿಟ್ಟಳು.

ಅತ್ತೆಯ ಮಾವನವರು ನಿವೃತ್ತ ಕನ್ನಡ ಪಂಡಿತರು. ಒಂದು ಸಂಜೆ ಮಕ್ಕಳನ್ನೆಲ್ಲ ಹತ್ತಿರ ಕೂರಿಸಿಕೊಂಡು ಕೇಳಿದರು:

“ಎದುರುಮನೆಯ ತಮಿಳರು ಹಾಲಿಗೆ ಏನೆನ್ನುತ್ತಾರೆ?”

“ಪಾಲ್.”

“ತೆಲುಗರು?”

“ಪಾಲು.”

“941ರಲ್ಲಿ ಆದಿಪುರಾಣ ಬರೆದ ಪಂಪನ ಕಾಲದ ಕನ್ನಡದಲ್ಲೂ ಅದು ಪಾಲ್. ಹುಲಿ ಆಗ ಪುಲಿ, ಹೆಸರು, ಪೆಸರ್, ಹಳ್ಳಿ, ಪಳ್ಳಿ. ತುಟಿ ಬಿಗಿಯಾಗಿ ಮುಚ್ಚಿ ತೆರೆದರೆ ಪಕಾರ. ಆ ಬಿಗಿ ಸಡಿಲಿದರೆ ಉಳಿಯುವುದು ಬರಿಯ ಉಸಿರು, ಅದೇ ಹಕಾರ. ಉಸಿರೂ ಅಡಗಿದರೆ ಆಲು. ಇದಕ್ಕೂ ನಿಯಮವುಂಟು. ಸಡಿಲಿದ್ದು ಪದದ ಮೊದಲಿನ ಪಕಾರ. ಅಪ್ಪ, ಉಪ್ಪು, ತುಪ್ಪಗಳ ಒತ್ತು ಅಲುಗಲಿಲ್ಲ. ಸಂಸ್ಕೃತದಿಂದ ಬಂದ ಪುಸ್ತಕ, ಪಾಠಗಳೂ ಹಾಗೆಯೇ ಉಳಿದವು. ಪಾಲ್ ಎನ್ನುತ್ತಿದ್ದ ಮನೆಯಲ್ಲಿ ಮೊದಲು ಹಾಲು ಎಂದ ಮಗುವನ್ನೂ ಹಿರಿಯರು ಗದರಿದ್ದಿರಬಹುದು. ಇಂದು ಆ ಮಗುವಿನ ಮಾತೇ ನಮಗೆ ಶುದ್ಧ!”

“ಹಾಗಾದರೆ ಪರೀಕ್ಷೆಯಲ್ಲಿ ಆಲು ಎಂದು ಬರೆಯಬಹುದೆ ತಾತ?” ಎಂದ ಮೊಮ್ಮಗ.

“ಬರಹಕ್ಕೆ ಎಲ್ಲರೂ ಒಪ್ಪಿದ ದಾರಿಯೊಂದು ಬೇಕಪ್ಪ, ಅಲ್ಲಿ ಹಾಲು ಎಂದೇ ಬರೆ. ಆದರೆ ಮನೆಯ ಮಾತು ಪರೀಕ್ಷೆಯಲ್ಲ. ಅವಳ ನುಡಿ ಅವಳ ಊರಿನದು. ಅದು ಕೆಟ್ಟ ಕನ್ನಡವಲ್ಲ, ಇನ್ನೊಂದು ಕನ್ನಡ.”

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆಗೆ ತವರು ನೆನಪಾಯಿತು. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಅವಳೂ ಹೀಗೆಯೇ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಲೋಟವನ್ನು ತಂದು ಸೋದರಸೊಸೆಯ ಕೈಗಿತ್ತು, ಎಷ್ಟೋ ವರ್ಷಗಳ ಮೇಲೆ ತನ್ನೂರಿನ ದನಿಯಲ್ಲಿ ಹೇಳಿದಳು:

“ಆಲು ಆರೋಯ್ತದೆ, ಕುಡಿ ಮಗಾ.”

ಈ ಸಲ ಮೊದಲು ನಕ್ಕವಳು ಹುಡುಗಿಯೇ.