ಇಂದಿರೆಯರ ಊರಲ್ಲಿ ತ್ರಿವೇಣಿ

ಸಂಜೆ ಪಾಳಿ ಬಿಟ್ಟ ಹೊತ್ತಿನಲ್ಲಿ ಪೀಣ್ಯದಿಂದ ಹೊರಡುವ ಬಿಎಂಟಿಸಿ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಸೀಟು ಸಿಕ್ಕ ಗಾರ್ಮೆಂಟ್ಸ್ ಹುಡುಗಿ ಗುಲಾಬಿ ಬಣ್ಣದ ಫ್ರೀ ಟಿಕೆಟ್ಟನ್ನು ಮೊಬೈಲ್ ಕವರಿನೊಳಗೆ ಸಿಕ್ಕಿಸಿ, ಹೆಬ್ಬೆರಳಿನಲ್ಲಿ ಸ್ಕ್ರೀನ್ ಸರಿಸತೊಡಗುತ್ತಾಳೆ. ಅಲ್ಲಿ ರೀಲ್ಸ್ ನೋಡುವವರೇ ಹೆಚ್ಚು, ನಿಜ. ಆದರೆ ಕನ್ನಡದ ಅಕ್ಷರವನ್ನು ದೊಡ್ಡದು ಮಾಡಿಕೊಂಡು ಪ್ರೇಮಕಥೆಯ ಮುಂದಿನ ಕಂತು ಓದುವವರೂ ಇದ್ದಾರೆ. 2014ರಲ್ಲಿ ಇದೇ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ಪ್ರೇಮಕಥೆಗಳಿಗೆ ಬರವಿಲ್ಲ. ‘ಸುಧಾ’, ‘ತರಂಗ’ ವಾರಪತ್ರಿಕೆಗಳ ಧಾರಾವಾಹಿಗೆ ವಾರವಿಡೀ ಕಾಯುತ್ತಿದ್ದ ಅಮ್ಮಂದಿರ ಹೆಣ್ಣುಮಕ್ಕಳು ಇವರು.

ಪ್ರೀತಿ, ಸಾವು, ಅದರಿಂದೆದ್ದು ತನ್ನನ್ನು ತಾನು ಕಂಡುಕೊಳ್ಳುವ ಹೆಣ್ಣು. ಇಂಥ ಕಾದಂಬರಿ ಎಂದಕೂಡಲೇ ಮೂಗು ಮುರಿಯುವವರು ಹಿಂದೆಯೂ ಇದ್ದರು. ‘ಅಡುಗೆಮನೆ ಸಾಹಿತ್ಯ’ ಎಂದು ತಳ್ಳಿಹಾಕಿದ್ದೂ ಉಂಟು. ಹಾಗೆ ತಳ್ಳಿದವರು ತ್ರಿವೇಣಿಯವರನ್ನು ಸರಿಯಾಗಿ ಓದಿರಲಿಕ್ಕಿಲ್ಲ.

ಮಂಡ್ಯದಲ್ಲಿ 1928ರಲ್ಲಿ ಹುಟ್ಟಿದ ಅನಸೂಯಾ ಶಂಕರ್ ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು, ಕವಿ ಬಿ.ಎಂ.ಶ್ರೀ ಮನೆತನದವರು. ತ್ರಿವೇಣಿ ಎಂಬ ಹೆಸರಿನಲ್ಲಿ ‘ಅಪಸ್ವರ’ದಿಂದ ಮೊದಲುಗೊಂಡು ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದರು. ಗಂಡ ಸತ್ತವಳಿಗೆ ಮತ್ತೆ ಮದುವೆಯ ಬಯಕೆ ಹುಟ್ಟಿದರೆ ತಪ್ಪೇನು ಎಂದು ‘ಹಣ್ಣೆಲೆ ಚಿಗುರಿದಾಗ’ ಕೇಳಿತು. ‘ಶರಪಂಜರ’ ಇನ್ನೂ ಮುಂದೆ ಹೋಯಿತು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ಮನೆಗೆ ಮರಳಿದವಳನ್ನು ಗಂಡನಾಗಲಿ ನೆಂಟರಾಗಲಿ ವಾಸಿಯಾದವಳೆಂದು ಒಪ್ಪುವುದೇ ಇಲ್ಲ. ಬಾಣಂತಿಯ ಖಿನ್ನತೆಯ ಬಗ್ಗೆ ಇವತ್ತು ಪತ್ರಿಕೆಗಳಲ್ಲಿ ವೈದ್ಯರು ಅಂಕಣ ಬರೆಯುತ್ತಾರೆ. ತ್ರಿವೇಣಿ ಅದನ್ನು ಕಥೆಯಾಗಿ ಹೇಳಿ ಅರವತ್ತು ವರ್ಷ ದಾಟಿತು.

ಈ ಎಲ್ಲದರಲ್ಲಿ ಇಂದಿನ ಬೆಂಗಳೂರಿನ ಹೊರವಲಯದ ಹುಡುಗಿಯರ ಬದುಕಿಗೆ ತೀರ ಹತ್ತಿರದ್ದು ‘ಬೆಳ್ಳಿಮೋಡ’. ಮಲೆನಾಡಿನ ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುತ್ತೇನೆಂದ ಮೋಹನ ಅವಳ ಅಪ್ಪನ ದುಡ್ಡಿನಲ್ಲೇ ಪರದೇಶಕ್ಕೆ ಓದಲು ಹೋಗುತ್ತಾನೆ. ಅವನು ಅಲ್ಲಿರುವಾಗ ಇಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ, ಅಮ್ಮ ತೀರಿಕೊಳ್ಳುತ್ತಾಳೆ, ಕೂಸು ಅಕ್ಕನ ಮಡಿಲಿಗೆ ಬೀಳುತ್ತದೆ. ಆಸ್ತಿಗೆ ಈಗ ಗಂಡು ವಾರಸುದಾರ. ಮರಳಿ ಬಂದ ಮೋಹನ ಲೆಕ್ಕ ಹಾಕಿ ಮದುವೆ ಬೇಡವೆನ್ನುತ್ತಾನೆ. ಮುಂದೆ ಅವನೇ ಪೆಟ್ಟು ತಿಂದು ಮಲಗಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಈ ಸಲ ಅವನಿಗೆ ನಿಜವಾಗಿ ಪ್ರೀತಿ ಹುಟ್ಟುತ್ತದೆ, ಕೈ ಹಿಡಿಯುತ್ತೇನೆ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ.

ಅಷ್ಟೇ. ಸೇಡಿಲ್ಲ, ಕೂಗಾಟವಿಲ್ಲ. ಹುಡುಗಿಯ ಕಥೆಯೆಂದರೆ ಮಂಟಪದಲ್ಲೇ ಮುಗಿಯಬೇಕೆಂದು ಓದುಗರು ಕಾಯುತ್ತಿದ್ದ ಕಾಲದಲ್ಲಿ ಆ ಒಂದು ನಿರಾಕರಣೆಗೆ ಎಷ್ಟು ಧೈರ್ಯ ಬೇಕಿತ್ತು! 1967ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ತೆರೆಗೆ ತಂದರು, ಕಲ್ಪನಾ ಇಂದಿರೆಯಾದರು. ಆ ಚಿತ್ರ ನೋಡಲು ತ್ರಿವೇಣಿ ಇರಲಿಲ್ಲ. 1963ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಅವರು ತೀರಿಕೊಂಡಿದ್ದರು. ಆಗಿನ್ನೂ ಅವರಿಗೆ ಮೂವತ್ತೈದು ತುಂಬಿರಲಿಲ್ಲ.

ಅವರು ಬರೆಯುವ ಕಾಲಕ್ಕೆ ಪೀಣ್ಯದ ಶೆಡ್ಡುಗಳು ಎದ್ದಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು 1978ರಲ್ಲಿ. ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರಿಗೆಂದು ಕಟ್ಟಿದ ಹಳ್ಳಿ. ಅದು ಟೆಕ್ ಪಾರ್ಕುಗಳ ಊರಾದದ್ದು ತೊಂಬತ್ತರ ದಶಕದ ನಂತರ. ಆದರೂ ಮೋಹನ ಈ ಊರುಗಳಿಗೆ ಹೊಸಬನಲ್ಲ. ಅವನು ಈಗ ಆನ್‌ಸೈಟಿಗೆ ಹೋಗುತ್ತಾನೆ. ಎಸ್ಟೇಟಿನ ಜಾಗದಲ್ಲಿ ಪ್ಯಾಕೇಜು, ಫ್ಲ್ಯಾಟು ಬಂದಿವೆ, ಲೆಕ್ಕದ ರೀತಿ ಅದೇ. ಇಂದಿರಾಳೂ ಇಲ್ಲೇ ಇದ್ದಾಳೆ: ಹಾಸನದಿಂದಲೋ ರಾಯಚೂರಿನಿಂದಲೋ ಬಂದು ಮಾರತಹಳ್ಳಿಯ ಪಿಜಿಯಲ್ಲಿ ಇನ್ನಿಬ್ಬರ ಜೊತೆ ರೂಮು ಹಂಚಿಕೊಂಡು, ತಮ್ಮನ ಫೀಸಿಗೆ ದುಡ್ಡು ಕಳಿಸುತ್ತ.

ಸಂಬಳ ಬಂದರೆ ಒಲ್ಲೆ ಎನ್ನುವ ಧೈರ್ಯ ಬರುತ್ತದೆ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಸಂಬಳದ ಕೆಲಸ ಅಳಲು ಬಿಡುವು ಕೊಡುವುದಿಲ್ಲ. ಅಮ್ಮ ಸತ್ತು ಹತ್ತಾರು ದಿನವಾಗಿರುವುದಿಲ್ಲ, ಲ್ಯಾಪ್‌ಟಾಪ್ ತೆರೆದು ಕಾಲ್‌ಗೆ ಸೇರಬೇಕು. ಗಾರ್ಮೆಂಟ್ಸಿನಲ್ಲಿ ತಿಥಿಗೆಂದು ರಜೆ ಹಾಕಿದರೆ ಹಲವು ಕಡೆ ಅಟೆಂಡೆನ್ಸ್ ಬೋನಸ್ಸೇ ಹೋಗುತ್ತದೆ. ಮರಳಿ ಬಂದವಳ ಮುಂದೆ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಕಾದಿರುತ್ತದೆ. ಊರಲ್ಲಾಗಿದ್ದರೆ ಪಕ್ಕದ ಮನೆಯ ಅಜ್ಜಿ ಬಂದು ಹತ್ತಿರ ಕೂರುತ್ತಿದ್ದಳು, ನಾಲ್ಕು ಜನ ಸಾರು ಅನ್ನ ತಂದಿಡುತ್ತಿದ್ದರು. ಪಿಜಿಯಲ್ಲಿ ದಿಂಬಿಗೆ ಮುಖವೊತ್ತಿ ಅಳುವುದಕ್ಕೂ ರೂಮ್‌ಮೇಟಿನ ಶಿಫ್ಟ್ ನೋಡಿಕೊಳ್ಳಬೇಕು. ಅಂಥ ರಾತ್ರಿ ಮೊಬೈಲಿನಲ್ಲಿ ತನ್ನಂಥವಳೊಬ್ಬಳ ಕಥೆ ಸಿಕ್ಕರೆ ಅದನ್ನು ಕಾಲಹರಣ ಎನ್ನಲು ಯಾರಿಗೂ ಬಾಯಿ ಬರಬಾರದು.

ಆ್ಯಪ್‌ಗಳಲ್ಲಿ ಬರುವುದೆಲ್ಲ ಚೆನ್ನಾಗಿಲ್ಲ. ಸಿಡುಕಿನ ಶ್ರೀಮಂತ ಬಾಸ್, ಒತ್ತಾಯದ ಮದುವೆ, ಕೊನೆಗೆ ಅವನಿಗೇ ಕರಗುವ ಹುಡುಗಿ, ಇಂಥವು ಸಾಕಷ್ಟಿವೆ. ಇಂದಿರಾಗಿಂತ ಈ ನಾಯಕಿಯರು ಎಷ್ಟೋ ಹೆಜ್ಜೆ ಹಿಂದಿದ್ದಾರೆ. ಓದುವ ಹಸಿವಿರುವಲ್ಲಿ ಒಳ್ಳೆಯ ಪುಸ್ತಕ ಕೈಗೆ ಸಿಗುವಂತೆ ಮಾಡದೆ, ಓದುವವಳ ಅಭಿರುಚಿಯನ್ನು ಹಳಿಯುವುದು ನ್ಯಾಯವಲ್ಲ.

ದೊಡ್ಡ ಕಾರ್ಖಾನೆಗಳಲ್ಲಿ ಕ್ಯಾಂಟೀನು, ಶಿಶುಪಾಲನಾ ಕೇಂದ್ರ ಇರಬೇಕೆಂದು ಕಾನೂನಿದೆ. ಪುಸ್ತಕದ ಕಪಾಟಿಗೆ ಕಾನೂನು ಬೇಕಿಲ್ಲ, ಒಂದು ಮೂಲೆ ಸಾಕು. ಟೆಕ್ ಪಾರ್ಕುಗಳ ಕನ್ನಡ ಬಳಗಗಳು ನವೆಂಬರ್ ಬಂತೆಂದರೆ ಬಾವುಟ ಕಟ್ಟಿ ಹಾಡು, ಕುಣಿತ ಇಟ್ಟುಕೊಳ್ಳುತ್ತವೆ. ಈ ರಾಜ್ಯೋತ್ಸವಕ್ಕೆ ಆ ಖರ್ಚಿನಲ್ಲಿ ಸ್ವಲ್ಪ ಉಳಿಸಿ ‘ಬೆಳ್ಳಿಮೋಡ’, ‘ಶರಪಂಜರ’, ‘ಹಣ್ಣೆಲೆ ಚಿಗುರಿದಾಗ’ದ ಹತ್ತತ್ತು ಪ್ರತಿ ಕೊಳ್ಳಿ. ಐದೈದು ನಿಮ್ಮ ಆಫೀಸಿನಲ್ಲಿರಲಿ, ಉಳಿದವನ್ನು ಪೀಣ್ಯದ ಯಾವುದಾದರೂ ಗಾರ್ಮೆಂಟ್ಸಿನ ಊಟದ ಹಾಲಿಗೆ ತಲುಪಿಸಿ.