ದೀಪವೂ ಬೇಕು, ಚುಕ್ಕಿಯೂ ಬೇಕು

ಬರಹ ಸ್ವಲ್ಪ ಉದ್ದ ಆಗಿದೆ. ಬಿಡುವಾದಾಗ ಓದಿ.

ನಮ್ಮ ಚಳವಳಿಯವರಿಗೆ ಚಳಿಗಾಲ ಅಂದ್ರೆ ಪುರುಸೊತ್ತೇ ಇಲ್ಲದ ಕಾಲ. ಡಿಸೆಂಬರ್ 6 ಬಾಬಾಸಾಹೇಬರ ಪರಿನಿಬ್ಬಾಣ ದಿನ, 25 ಮನುಸ್ಮೃತಿ ಸುಟ್ಟ ದಿನ. ಜನವರಿ 1 ಕೋರೆಗಾಂವ್, 3 ಸಾವಿತ್ರಿಬಾಯಿ ಫುಲೆ, 17 ರೋಹಿತ್ ವೇಮುಲ. ಹಗಲೆಲ್ಲ ಆಫೀಸಿನ ಟಪಾಲು, ಫೈಲು. ಸಂಜೆಯಾದ್ರೆ ಗುಬ್ಬಿಯಲ್ಲೋ ಕುಣಿಗಲ್ಲಲ್ಲೋ ಕಾರ್ಯಕ್ರಮ. ಹಾಗಾಗಿ ವರ್ಷದ ಬೇರೆ ಯಾವ ಕಾಲಕ್ಕಿಂತ ಈ ಕಾಲದ ರಾತ್ರಿಗಳು ನನಗೆ ಚೆನ್ನಾಗಿ ಗೊತ್ತು. ಈ ರಾತ್ರಿಗಳ ಬಗ್ಗೆಯೇ ಇವತ್ತು ಬರೀತಿದ್ದೀನಿ. ಕಾಡು, ಪ್ರಾಣಿ, ಆಕಾಶ ಇವು ನಮ್ಮ ವಿಷಯ ಅಲ್ಲ ಅಂತ ನಮ್ಮಲ್ಲೇ ಬಹಳ ಜನ ಅಂದ್ಕೊಂಡಿದ್ದಾರೆ. ಅದು ನಮ್ಮ ವಿಷಯವೇ.

ಮೊದಲು ಆಕಾಶ. ಒಳ್ಳೆ ಆಕಾಶ ಸಿಗೋದು ಈ ನಾಲ್ಕು ತಿಂಗಳೇ. ಮಳೆಮೋಡ ಹೋಗಿರುತ್ತೆ, ಬೇಸಿಗೆ ಧೂಳು ಇನ್ನೂ ಎದ್ದಿರಲ್ಲ. ಡಿಸೆಂಬರ್ ನಡುವಿನಲ್ಲಿ ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ತಿರುಗಿ ನಿಂತ್ಕೊಳ್ಳಿ. ಒಂದರ ಕೆಳಗೊಂದು ಮೂರು ಚುಕ್ಕಿ ಕಾಣುತ್ತೆ. ಅದು ಮಹಾವ್ಯಾಧನ ನಡುಪಟ್ಟಿ. ಅದರ ಎಡಕ್ಕೆ ಕೆಂಪಗಿರೋದು ಆರ್ದ್ರಾ. ನೆತ್ತಿ ಹತ್ತಿರ ಒಂದು ಹಿಡಿ ಚುಕ್ಕಿ ಗುಂಪಾಗಿ ಮಿಣುಕುತ್ತಿದ್ದರೆ ಅದು ಕೃತ್ತಿಕೆ. ಕೆಳಗೆ ಬಲಗಡೆ ಎಲ್ಲಕ್ಕಿಂತ ಹೊಳೆಯೋದು ಲುಬ್ಧಕ. ನಡುರಾತ್ರಿ ಹೊತ್ತಿಗೆ ದಕ್ಷಿಣದಲ್ಲಿ ತಗ್ಗಿಗೆ ಅಗಸ್ತ್ಯ ನಕ್ಷತ್ರವೂ ಬಂದಿರುತ್ತೆ. ಇದನ್ನೆಲ್ಲ ನೋಡೋಕೆ ದುರ್ಬೀನು ಬೇಡ, ಟಿಕೆಟ್ ಬೇಡ, ಜಾತಿ ಪ್ರಮಾಣಪತ್ರವೂ ಬೇಡ. ಕತ್ತಲೆ ಇದ್ದರೆ ಸಾಕು.

ಇನ್ನು ಕಾಡು. ಕಾಡು ಅಂದ ತಕ್ಷಣ ಬಂಡೀಪುರ, ನಾಗರಹೊಳೆ ಅಂತೀವಿ. ನಮ್ಮ ಜಿಲ್ಲೆಯಲ್ಲಿ ರಾಷ್ಟ್ರೀಯ ಉದ್ಯಾನ ಇಲ್ಲ ನಿಜ, ಆದರೆ ಕಾಡಿಗೆ ಬರ ಇಲ್ಲ. ಮಧುಗಿರಿ ಕಡೆ ಮೈದನಹಳ್ಳಿಯಲ್ಲಿ ಕೃಷ್ಣಮೃಗ, ಶಿರಾ ಕಡೆ ಬುಕ್ಕಾಪಟ್ಟಣದಲ್ಲಿ ಚಿಂಕಾರ. ತುಮಕೂರಿನ ಪಕ್ಕದಲ್ಲೇ ದೇವರಾಯನದುರ್ಗ. ಅಲ್ಲಿ ಹುಟ್ಟಿದ ಶಿಂಷೆಯೇ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿಸೋದು. ಅದೇ ಬೆಟ್ಟದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರ ಅನ್ನೋ ಅಪರೂಪದ ಹಕ್ಕಿ ಇದೆ. ಅದನ್ನು ನೋಡೋಕೆ ಹಕ್ಕಿಪ್ರಿಯರು ದೂರದಿಂದ ಬರ್ತಾರೆ. 2023ರಲ್ಲಿ ಗುಬ್ಬಿ ತಾಲ್ಲೂಕಿನ ಅಂಕಸಂದ್ರ ಕಾಡಿನಲ್ಲಿ ಹುಲಿಯೊಂದರ ಕಳೇಬರ ಸಿಕ್ಕಿದ್ದು ನಿಮಗೆ ನೆನಪಿರಬಹುದು. ಹುಲಿ ನಮ್ಮ ಸೀಮೆಗೂ ಬರುತ್ತೆ ಅಂತ ಜನಕ್ಕೆ ಗೊತ್ತಾಗಿದ್ದೇ ಅದು ಸತ್ತ ಮೇಲೆ.

ಚಳಿಗಾಲದಲ್ಲಿ ಈ ಕಾಡುಗಳು ಎಲೆ ಉದುರಿಸ್ತವೆ. ಬೂರುಗ ಬೋಳಾಗಿ, ಬರೀ ಕೊಂಬೆ ಮೇಲೆ ಕೆಂಪು ಹೂ ಬಿಡುತ್ತೆ. ಅದರ ಹಿಂದೆಯೇ ಮುತ್ತುಗ. ಹುಲ್ಲು ಒಣಗಿ ಹಳದಿಯಾಗುತ್ತೆ. ಆಗಲೇ ಬೆಂಕಿ ರೇಖೆ ಕೆಲಸ ಶುರು. ಬೇಸಿಗೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರದ ಹಾಗೆ ಕಾಡಿನ ನಡುವೆ ಪಟ್ಟಿ ಪಟ್ಟಿಯಾಗಿ ಹುಲ್ಲು ಸವರಿ, ತರಗು ಗುಡಿಸಿ, ಸುಟ್ಟು ಖಾಲಿ ಮಾಡಬೇಕು. ದಿನಗೂಲಿ ಕೆಲಸ ಅದು. ಆ ಕೆಲಸಕ್ಕೆ ಹೋಗುವವರು ಯಾರು ಅಂತ ನಮ್ಮ ಕೇರಿಗಳಲ್ಲಿ ಕೇಳಿ ನೋಡಿ. ಕಾಡು ಉಳಿಸಿದವರ ಪಟ್ಟಿಯಲ್ಲಿ ಅವರ ಹೆಸರು ಯಾವತ್ತೂ ಬಂದಿಲ್ಲ.

ತುಮಕೂರು–ಕುಣಿಗಲ್ ರಸ್ತೆಯ ನಾಗವಲ್ಲಿ ಸುತ್ತಮುತ್ತ ಕಾಡುಪಾಪ ಇದೆ. ಕಾಲು ಕೆಜಿ ಆಸುಪಾಸು ತೂಗುವ ಜೀವ. ಮುಖದ ತುಂಬ ಎರಡು ದುಂಡು ಕಣ್ಣು. ಹಗಲು ಮರದ ಸಂದಿಯಲ್ಲಿ ಮುದುಡಿ ಮಲಗಿ, ಕತ್ತಲಾದ ಮೇಲೆ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ನಡೆದು ಹುಳ ಹಿಡಿದು ತಿನ್ನುತ್ತೆ. ಅದು ಜಿಗಿಯಲ್ಲ. ಕೊಂಬೆಗೆ ಕೊಂಬೆ ತಾಗಿದ್ದರೇನೇ ಅದಕ್ಕೆ ದಾರಿ. ನಡುವೆ ನಾಲ್ಕು ಮರ ಕಡಿದರೆ ಅದರ ರಸ್ತೆ ಕಟ್ ಆದ ಹಾಗೆ. ಆಗ ನೆಲಕ್ಕಿಳಿದು ನಾಯಿ ಬಾಯಿಗೆ ಬೀಳುತ್ತೆ, ಇಲ್ಲಾ ಕರೆಂಟ್ ತಂತಿ ಹಿಡಿದು ಸಾಯುತ್ತೆ. ಮಾಟ ಮಂತ್ರದ ಹೆಸರಲ್ಲಿ ಅದರ ಕಣ್ಣು ಕೈಕಾಲಿಗೆ ಹಿಂಸೆ ಕೊಡುವ ಜನವೂ ಇದ್ದಾರೆ. ಮೌಢ್ಯದ ವಿರುದ್ಧ ಭಾಷಣ ಮಾಡುವ ನಾವು ಈ ಮೂಕಜೀವದ ಪರವಾಗಿಯೂ ಒಂದು ಮಾತು ಆಡಬೇಕು.

ಇಷ್ಟು ಹೇಳಿ ಕತ್ತಲೆ ಚೆಂದ ಅಂತ ಮುಗಿಸಿಬಿಟ್ಟರೆ ಅದು ಅರ್ಧ ಸತ್ಯ.

2019ರ ಅಕ್ಟೋಬರಿನಲ್ಲಿ ನಮ್ಮ ಕವಿ ಕೆ.ಬಿ. ಸಿದ್ದಯ್ಯ ಸರ್ ತೀರಿಕೊಂಡರು. ಆ ದುಃಖದಲ್ಲೇ ಬಂದ ಚಳಿಗಾಲ ಅದು. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಸೇರುವ ಕಡೆಯ ಹಳ್ಳಿಗಳಲ್ಲಿ ಒಂದರ ಹಿಂದೊಂದು ಚಿರತೆ ದಾಳಿ. ದನ ಮೇಯಿಸೋಕೆ ಹೋದ ವಯಸ್ಸಾದವರು ಸತ್ತರು. ಸಂಜೆ ಮನೆ ಹತ್ತಿರ ಆಡ್ತಿದ್ದ ಎಳೆ ಮಕ್ಕಳು ಸತ್ತರು. ಊರೂರಿಗೆ ಬೋನು ಇಟ್ಟರು. ಕತ್ತಲಾಗುವ ಮುಂಚೆ ಮನೆ ಸೇರಿ, ಒಬ್ಬೊಬ್ಬರೇ ಓಡಾಡಬೇಡಿ ಅಂತ ಹೇಳಿದರು. ಒಳ್ಳೆ ಮಾತೇ. ಆದರೆ ಕತ್ತಲಾಗುವ ಮುಂಚೆ ಮನೆ ಸೇರೋಕೆ ಯಾರಿಗೆ ಸಾಧ್ಯ? ಕೂಲಿ ಮುಗಿಯೋದೇ ಹೊತ್ತು ಮುಳುಗಿದ ಮೇಲೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ಕೊಡೋದು ರಾತ್ರಿ. ಗೌಡರ ತೋಟಕ್ಕೆ ನೀರು ಕಟ್ಟೋಕೆ ಹೋಗಬೇಕಾದವರು ನಮ್ಮ ಹುಡುಗರು. ರಾಗಿ ಕಣ ಕಾಯಬೇಕು, ಅವರೆ ಹೊಲ ಕಾಯಬೇಕು. ಪಾಯಿಖಾನೆ ಇಲ್ಲದ ಮನೆಯ ಹೆಣ್ಣುಮಕ್ಕಳು ಕೋಳಿ ಕೂಗೋ ಮುಂಚೆ ಬಯಲಿಗೆ ಹೋಗಬೇಕು. ಚಿರತೆ ಜಾತಿ ನೋಡಲ್ಲ. ಆದರೆ ಅದು ಬರೋ ಹೊತ್ತಿನಲ್ಲಿ ಹೊರಗೆ ಯಾರು ಇರಬೇಕು ಅನ್ನೋದನ್ನ ಜಾತಿ ಮೊದಲೇ ತೀರ್ಮಾನ ಮಾಡಿಟ್ಟಿರುತ್ತೆ.

ಮೊನ್ನೆ ನಮ್ಮ ಜೊತೆ ಒಂದು ಕಾಲೋನಿಗೆ ಕ್ಯಾಮೆರಾ ಹಿಡಿದು ಬಂದಿದ್ದ ಬೆಂಗಳೂರಿನ ಗೆಳೆಯರೊಬ್ಬರು, 'ಹಳ್ಳಿಗಳಿಗೂ ಎಲ್‌ಇಡಿ ಹಾಕಿ ಆಕಾಶ ಹಾಳು ಮಾಡಿಬಿಟ್ರು' ಅಂದರು. ಒಳ್ಳೆಯ ಮನುಷ್ಯರೇ, ಬೇಜಾರಲ್ಲಿ ಅಂದಿದ್ದು. ಬಾಗಿಲಲ್ಲಿ ಅವರೆಕಾಯಿ ಸುಲೀತಿದ್ದ ಅಕ್ಕ ತಲೆ ಎತ್ತದೇ ಹೇಳಿದಳು: 'ನಿಮಗೆ ಚುಕ್ಕಿ ಕಾಣಲ್ಲ ಅಂತ ಚಿಂತೆ ಕಣಣ್ಣ. ನಮಗೆ ಕಾಲ ಕೆಳಗಿನ ಹಾವು ಕಾಣಲ್ಲ ಅಂತ ಚಿಂತೆ.'

ಆ ಊರಿನ ಸರ್ಕಲ್ಲಿನಲ್ಲಿ ಹೈಮಾಸ್ಟ್ ದೀಪ ಇದೆ. ರಾತ್ರಿಯಿಡೀ ಆಕಾಶಕ್ಕೇ ಬೆಳಕು ಬಿಡುತ್ತೆ. ಕಾಲೋನಿಗೆ ಹೋಗೋ ದಾರಿಯಲ್ಲಿ ಕಂಬ ಇದೆ, ಬಲ್ಬ್ ಇಲ್ಲ. ಅಂದರೆ ಚುಕ್ಕಿ ನುಂಗಿದ ಬೆಳಕು ಒಂದು ಕಡೆ, ಹಾವು ಮುಚ್ಚಿಟ್ಟ ಕತ್ತಲೆ ಇನ್ನೊಂದು ಕಡೆ. ಎರಡೂ ಒಂದೇ ಪಂಚಾಯಿತಿಯ ಕೆಲಸ. ಗೆಳೆಯರ ಮಾತು, ಅಕ್ಕನ ಮಾತು ಎರಡೂ ಸರಿ. ತಪ್ಪಿರೋದು ದೀಪ ಹಂಚಿದ ರೀತಿಯಲ್ಲಿ.

ಇದಕ್ಕೆ ದಾರಿ ಇಲ್ಲದೇ ಇಲ್ಲ. ಮಹಾರಾಷ್ಟ್ರದ ಪೆಂಚ್ ಹುಲಿ ಸಂರಕ್ಷಿತ ಪ್ರದೇಶಕ್ಕೆ 2024ರ ಜನವರಿಯಲ್ಲಿ 'ಡಾರ್ಕ್ ಸ್ಕೈ ಪಾರ್ಕ್' ಅನ್ನೋ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಭಾರತದಲ್ಲಿ ಅದೇ ಮೊದಲು. ಅಲ್ಲಿ ಹಳ್ಳಿಗಳ ದೀಪ ಕಿತ್ತುಹಾಕಲಿಲ್ಲ. ಬೆಳಕು ಮೇಲಕ್ಕೆ ಚೆಲ್ಲದೆ ನೆಲಕ್ಕೇ ಬೀಳುವ ಹಾಗೆ ದೀಪಗಳನ್ನು ಬದಲಾಯಿಸಿದರು. ಮೇಲೆ ಒಂದು ಮುಚ್ಚಳ, ಕೆಳಗೆ ಬೆಳಕು, ಕಣ್ಣು ಕುಕ್ಕದ ಹಳದಿ ಬಣ್ಣ. ಇಷ್ಟೇ ವಿದ್ಯೆ. ಹಾವೂ ಕಾಣುತ್ತೆ, ಚುಕ್ಕಿಯೂ ಕಾಣುತ್ತೆ, ಕಾಡುಪಾಪದ ಕಣ್ಣಿಗೂ ನೋವಿಲ್ಲ. ಪೆಂಚ್‌ನಲ್ಲಿ ಆಗೋದು ಹೆಬ್ಬೂರಲ್ಲಿ ಯಾಕೆ ಆಗಲ್ಲ?

ಕತ್ತಲೆ ಹಂಚುವ ಈ ರಾಜಕೀಯ ದೊಡ್ಡ ಕಾಡುಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನ ಆಯ್ತು. 643 ಚದರ ಕಿಲೋಮೀಟರ್. ಅಲ್ಲಿ ತಲೆಮಾರುಗಳಿಂದ ಇದ್ದ ಜೇನುಕುರುಬರನ್ನು ಪ್ರಾಣಿಗಳ ಹೆಸರಲ್ಲಿ ಹೊರಗೆ ಹಾಕಿದರು. ಉಳಿದುಕೊಂಡ ಎಷ್ಟೋ ಹಾಡಿಗಳಿಗೆ ಇವತ್ತಿಗೂ ಕರೆಂಟ್ ಲೈನ್ ಹೋಗಿಲ್ಲ. ಅದೇ ಕಾಡಿನ ಅಂಚಿನ ರೆಸಾರ್ಟುಗಳಲ್ಲಿ ಒಂದು ರಾತ್ರಿಯ ಕತ್ತಲೆಗೆ ಸಾವಿರಾರು ರೂಪಾಯಿ. ಹಾಡಿಯವರಿಗೆ ಕತ್ತಲೆ ಶಿಕ್ಷೆ, ಅತಿಥಿಗಳಿಗೆ ಕತ್ತಲೆ ಪ್ಯಾಕೇಜ್. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೇ ಜಾಗಕ್ಕೆ ವಾಪಸ್ ನಡೆದುಹೋಗಿ ಗುಡಿಸಲು ಹಾಕಿದಾಗ ಎಷ್ಟೋ ಜನ 'ಕಾಡು ಹಾಳಾಗುತ್ತೆ' ಅಂದರು. ರೆಸಾರ್ಟ್ ಎದ್ದಾಗ ಈ ಗಂಟಲುಗಳು ಎಲ್ಲಿದ್ದವು?

ಇಲ್ಲೇ ಒಂದು ತಾರೀಖಿನ ವಿಚಾರ ಹೇಳ್ತೀನಿ. ಪ್ರತಿ ವರ್ಷ ಡಿಸೆಂಬರ್ 13ರ ರಾತ್ರಿ ಆಸುಪಾಸಿನಲ್ಲಿ ಮಿಥುನ ರಾಶಿ ಕಡೆಯಿಂದ ಉಲ್ಕೆಗಳು ಉದುರ್ತವೆ. ಕತ್ತಲೆ ಚೆನ್ನಾಗಿದ್ದರೆ ಒಂದು ಗಂಟೆಯಲ್ಲಿ ಹತ್ತಾರು ಎಣಿಸಬಹುದು. ಅರಣ್ಯ ಹಕ್ಕು ಕಾಯ್ದೆಯ ಗಡುವಿನ ದಿನವೂ ಅದೇ: 2005ರ ಡಿಸೆಂಬರ್ 13. ಬುಡಕಟ್ಟಿನವರು ಆ ದಿನಕ್ಕೆ ಮುಂಚಿನಿಂದ ಕಾಡಲ್ಲಿದ್ದರೆ ಸಾಕು. ನಮ್ಮಂಥ ದಲಿತರೂ ಸೇರಿ ಉಳಿದವರೆಲ್ಲ ಅದಕ್ಕೂ ಹಿಂದೆ 75 ವರ್ಷ, ಮೂರು ತಲೆಮಾರು ಅಲ್ಲಿದ್ದದ್ದು ತೋರಿಸಬೇಕು. ಅಂದರೆ 1930ರಿಂದ. ನಾಸಿಕದ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ಬಾಬಾಸಾಹೇಬರು ಸತ್ಯಾಗ್ರಹ ಶುರು ಮಾಡಿದ ವರ್ಷ ಅದು. ಗುಡಿ ಬಾಗಿಲಿಗೇ ಬಿಡದ ಕಾಲದಲ್ಲಿ ನಮ್ಮ ಮುತ್ತಾತನ ಕೈಗೆ ಜಮೀನಿನ ಕಾಗದ ಯಾರು ಕೊಡ್ತಿದ್ದರು? ನಾನು ಗುಮಾಸ್ತ, ಅದಕ್ಕೇ ಇದನ್ನ ಒತ್ತಿ ಹೇಳ್ತೀನಿ: ಕಾಗದವೇ ಬೇಕು ಅಂತ ನಿಯಮದಲ್ಲಿ ಇಲ್ಲ. ಊರಿನ ಹಿರಿಯರ ಹೇಳಿಕೆ ಬರೆದು ಕೊಟ್ಟರೆ ಅದೂ ಸಾಕ್ಷ್ಯವೇ. ಅರ್ಜಿ ತಿರಸ್ಕಾರ ಆದವರು ಇದನ್ನ ನೆನಪಿಟ್ಟುಕೊಳ್ಳಿ.

ಕೊನೆಗೆ ರೋಹಿತ್. ಆ ಹುಡುಗ ಕಾರ್ಲ್ ಸಾಗನ್ ಥರ ವಿಜ್ಞಾನ ಲೇಖಕ ಆಗಬೇಕು ಅಂದ್ಕೊಂಡಿದ್ದ. ನಕ್ಷತ್ರ, ನಿಸರ್ಗ ಅಂದ್ರೆ ಅವನಿಗೆ ಪ್ರೀತಿ. ನಾವು ಪ್ರತಿ ಜನವರಿ 17ಕ್ಕೆ ಅವನ ಸಾವನ್ನ ನೆನಪು ಮಾಡ್ಕೊಳ್ತೀವಿ, ಅವನ ಆಸೆಯನ್ನ ಅಷ್ಟಾಗಿ ಮಾತಾಡಲ್ಲ. ಲುಬ್ಧಕದ ಬೆಳಕು ನಮಗೆ ತಲುಪೋಕೆ ಸುಮಾರು ಎಂಟೂವರೆ ವರ್ಷ ಬೇಕು. 2016ರ ಆ ರಾತ್ರಿ ಅಲ್ಲಿಂದ ಹೊರಟ ಬೆಳಕು ನಮ್ಮನ್ನ ಮುಟ್ಟಿದ್ದು 2024ರ ಮಳೆಗಾಲದಲ್ಲಿ. ನಮ್ಮ ಮಕ್ಕಳಿಗೆ ಮೀಸಲಾತಿ ಎಷ್ಟು ಹಕ್ಕೋ, ಈ ಬೆರಗೂ ಅಷ್ಟೇ ಹಕ್ಕು. ಹೊಟ್ಟೆ ತುಂಬಿದ ಮೇಲೆ ನೋಡೋಣ ಅನ್ನೋ ಮಾತು ಬೇಡ. ಹಸಿದವರ ತಲೆ ಮೇಲೂ ಇದೇ ಆಕಾಶ ಇರೋದು.

ಈ ಚಳಿಗಾಲ ಎರಡು ಕೆಲಸ ಮಾಡೋಣ. ಒಂದು, ಪ್ರತಿ ಕಾಲೋನಿಯಿಂದ ಪಂಚಾಯಿತಿಗೆ ಅರ್ಜಿ: ದಾರಿಗೆ ದೀಪ ಬೇಕು, ಬೆಳಕು ನೆಲಕ್ಕೆ ಬೀಳುವಂಥದ್ದು ಬೇಕು, ಪರಿಶಿಷ್ಟರಿಗೆ ಮೀಸಲಿಟ್ಟ ಹಣದಲ್ಲೇ ಹಾಕಿ ಅಂತ. ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಎರಡು, ಜನವರಿ 17ರ ಕಾರ್ಯಕ್ರಮದಲ್ಲಿ ಭಾಷಣ ಒಂದು ಕಮ್ಮಿ ಮಾಡಿ, ಹತ್ತು ನಿಮಿಷ ಲೈಟ್ ಆರಿಸಿ ಮಕ್ಕಳಿಗೆ ಮಹಾವ್ಯಾಧ, ಕೃತ್ತಿಕೆ ತೋರಿಸಿ.

ಅರ್ಜಿ ನಮೂನೆ ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ. ಟೈಪ್ ಮಾಡಿ ಕೊಡ್ತೀನಿ.

ಜೈಭೀಮ್.