ಎಂಟು ಬಟ್ಟಲು

ನೋಯ್ಡಾದ ನಮ್ಮ ಸೊಸೈಟಿಯಲ್ಲಿ ಎದುರು ಮನೆಯ ಭಾಭಿಗೆ ಟ್ಯಾರೋ ಹುಚ್ಚು. ಭವಿಷ್ಯ ಹೇಳೋದಕ್ಕಿಂತ ಕಟ್ಟು ಕೂಡಿಡೋ ಹುಚ್ಚೇ ಹೆಚ್ಚು ಅನ್ನಿ. ಬೆಕ್ಕುಗಳದೊಂದು, ಗಿಡಮೂಲಿಕೆಗಳದೊಂದು, ನಮ್ಮ ದೇವರುಗಳನ್ನೇ ತುಂಬಿದ್ದು ಇನ್ನೊಂದು. ಎಲ್ಲಕ್ಕೂ ಬಟ್ಟೆಚೀಲ ಹೊಲಿದು ಬೀರುವಿನಲ್ಲಿ ಸೀರೆಗಳ ಪಕ್ಕ ಇಟ್ಟಿದ್ದಾರೆ. ಚಿತ್ರ ಯಾವುದಾದರೂ ಲೆಕ್ಕ ಮಾತ್ರ 78 ಎಲೆ.

ಚಳಿಗಾಲದ ಬಿಸಿಲಿಗೆ ಬಾಲ್ಕನಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ನಾನೂ ನೋಡ್ತಾ ಕೂರುತ್ತೇನೆ. ನನಗೆ ಹಿಡಿಸಿದ್ದು ಹಳೆಯದೇ, 1909ರದು. ಪ್ರಕಾಶಕರ ಹೆಸರು, ಯೋಜನೆ ಹಾಕಿದವನ ಹೆಸರು ಸೇರಿ ಅದು ‘ರೈಡರ್-ವೇಟ್’ ಆಯಿತು. ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಹೆಸರು ಬಹುಕಾಲ ಹೊರಗೇ ಉಳಿಯಿತು. ಲಂಡನ್ನಿನಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷ ಜಮೈಕಾದಲ್ಲಿ ಕಳೆದು, ನ್ಯೂಯಾರ್ಕಿನಲ್ಲಿ ಕಲೆ ಕಲಿತವಳು. ಕೆಲಸ ಬಹಳ, ಕಾಸು ಕಡಿಮೆ ಅಂತ ಆ ವರ್ಷವೇ ಒಂದು ಪತ್ರದಲ್ಲಿ ಬರೆದಿದ್ದಳು. ಅದಕ್ಕೂ ಮೊದಲು ಅಂಕಿಯ ಎಲೆಗಳಲ್ಲಿ ಸಾಮಾನ್ಯವಾಗಿ ಬರೀ ಬಟ್ಟಲು, ಕತ್ತಿ, ಕೋಲು, ನಾಣ್ಯ ಇರುತ್ತಿದ್ದವು, ನಮ್ಮ ಇಸ್ಪೀಟಿನ ಹಾಗೆ. ಈಕೆ ಅಲ್ಲಿಗೂ ಮನುಷ್ಯರನ್ನು ತಂದಳು. ಈಗಿನ ಬೆಕ್ಕಿನ ಕಟ್ಟುಗಳಲ್ಲಿ ಎಷ್ಟೋ ಇವಳ ಚಿತ್ರಗಳಿಗೇ ಬಾಲ ಅಂಟಿಸಿದವು.

ಹೋದ ಜನವರಿಯಲ್ಲಿ ಬೆಂಗಳೂರಿನಿಂದ ಅಣ್ಣನ ಫೋನು. “ಮೈಸೂರಿನ ಮನೆ ಮಾರಿಬಿಡೋಣ. ಅಮ್ಮನ್ನ ಇಲ್ಲಿಗೆ ಕರ್ಕೊಂಡು ಬರ್ತೀನಿ. ನೀನೊಂದು ಸಹಿ ಹಾಕು ಸಾಕು.” ಅಪ್ಪ ಹೋಗಿ ಎರಡು ವರ್ಷ. ಹದಿನೆಂಟು ವರ್ಷದಿಂದ ದೂರವಿರೋ ನಾನು ಏನಂತ ಹೇಳೋದು? ಕಾಗದ ಕೊರಿಯರಿನಲ್ಲಿ ಬಂತು, ಡ್ರಾಯರಿನಲ್ಲೇ ಇತ್ತು. ನನ್ನ ಮುಖ ನೋಡಿ ಭಾಭಿ, “ಒಂದು ಎಲೆ ತೆಗಿ” ಅಂದರು.

ಬಂದದ್ದು ಎಂಟು ಬಟ್ಟಲು. ಕೆಂಪು ನಿಲುವಂಗಿಯ ಒಬ್ಬ ಕೋಲೂರಿಕೊಂಡು ನಮಗೆ ಬೆನ್ನು ಹಾಕಿ ಬೆಟ್ಟದ ಕಡೆ ಹೊರಟಿದ್ದಾನೆ. ಮೇಲೆ ಚಂದ್ರ. ಹಿಂದೆ ಜೋಡಿಸಿಟ್ಟ ಬಟ್ಟಲುಗಳು.

“ಬಿಟ್ಟು ಹೊರಡೋ ಕಾಲ,” ಅಂತ ಭಾಭಿ ಅರ್ಥ ಹೇಳಿದರು.

“ಹೊರಟು ಹದಿನೆಂಟು ವರ್ಷ ಆಯ್ತಲ್ಲ ಭಾಭಿ!”

ಭವಿಷ್ಯದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಕಣ್ಣು ಆ ಬಟ್ಟಲುಗಳ ಮೇಲೇ ನಿಂತಿತು. ಒಂದೂ ಉರುಳಿಲ್ಲ. ಅಮ್ಮನ ಅಡುಗೆಮನೆಯ ಹಿತ್ತಾಳೆ ಡಬ್ಬಿಗಳ ಹಾಗೆ ಇಟ್ಟಲ್ಲೇ ಇವೆ.

ರಾತ್ರಿ ಅಮ್ಮನಿಗೆ ಫೋನು ಮಾಡಿ ನೇರವಾಗಿ ಕೇಳಿದೆ. “ನನ್ನನ್ನ ಯಾರು ಕೇಳ್ತಾರೆ? ಈ ಮನೆ ಬಿಟ್ಟು ನಾನೆಲ್ಲಿಗೂ ಬರಲ್ಲ ಕಣೆ,” ಅಂದಳು. ಮಾರನೇ ದಿನ ಅಣ್ಣನಿಗೆ ಹೇಳಿದೆ: ಅಮ್ಮ ಇರೋವರೆಗೂ ಸಹಿ ಇಲ್ಲ. ಅವನಿನ್ನೂ ಸರಿಯಾಗಿ ಮಾತಾಡ್ತಿಲ್ಲ.

ಎಲೆಯ ಕತೆ ಕೇಳಿ ಅಮ್ಮ ನಕ್ಕಳು. “ನಮ್ಮ ಗಂಜೀಫಾ ಆಡೋಕಪ್ಪಾ ಇದ್ದದ್ದು!” ನಿಜ ಹೇಳಬೇಕೆಂದರೆ ಟ್ಯಾರೋ ಕೂಡ 15ನೇ ಶತಮಾನದ ಇಟಲಿಯಲ್ಲಿ ಬರೀ ಆಟ, ಭವಿಷ್ಯದ ನಂಟು ಬಲವಾದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಮುನ್ನೂರು ಎಲೆ ಮೀರಿದ ಗಂಜೀಫಾ ಆಟಗಳನ್ನೂ ಕಟ್ಟಿದರು. ಮೈಸೂರಿನ ದುಂಡನೆಯ ಎಲೆಗಳು ಈಗ ಹೆಚ್ಚಾಗಿ ಗೋಡೆಯ ಚೌಕಟ್ಟಿಗೇ ಹೋಗುತ್ತವೆ. ಹಾಗಾಗಿ ದಿಲ್ಲಿ ಹಾಟ್‌ನಲ್ಲಿ ಸಾವಂತವಾಡಿಯ ದಶಾವತಾರದ ಕಟ್ಟೊಂದು ಕಂಡಾಗ, ಬೆಲೆ ಕೇಳಿ ಎದೆ ಧಸಕ್ಕೆಂದರೂ ಕೊಂಡೆ. ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು, ಒಟ್ಟು 120 ಎಲೆ.

ಭಾಭಿ ಕೂರ್ಮನನ್ನು ಎತ್ತಿ, “ಇದರ ಅರ್ಥ ಏನು?” ಅಂದರು. ಅರ್ಥ ಇಲ್ಲ, ಆಟ ಇದೆ ಎಂದೆ. ಹಗಲಾದರೆ ರಾಮನಿಂದ ಶುರು, ರಾತ್ರಿಯಾದರೆ ಕೃಷ್ಣನಿಂದ. ಮೂರನೆಯವರಾಗಿ ಅವರ ಯಜಮಾನರೂ ಬಂದು ಕೂತರು. ಗಂಟೆ ಒಂಬತ್ತಾಗಿತ್ತು.

“ಹಾಗಾದ್ರೆ ಕೃಷ್ಣ,” ಅಂತ ಭಾಭಿ ಎಲೆ ಹಂಚತೊಡಗಿದರು.